ಮಳೆಗಾಲಕ್ಕೆ ಯಾವ ಮೃದಂಗ? ಅನುಭವ ಇದ್ದವರು ಹೇಳಿ

ಮೂಡಿಗೆರೆ ಅಮ್ಮ: ಮಗಳು ಮೃದಂಗ ಕಲಿಯುತ್ತಿದ್ದಾಳೆ, ಎರಡು ವರ್ಷ ಆಯ್ತು. ಜೂನ್ ಬಂತೆಂದರೆ ಶ್ರುತಿ ನಿಲ್ಲುವುದೇ ಇಲ್ಲ. ಈಗಿರುವ ಹಲಸಿನ ಮರದ್ದೇ ಸಾಕಾ, ಫೈಬರ್‌ದು ತಗೊಳ್ಳಲಾ? 12,000ದವರೆಗೆ ಹಾಕಬಹುದು.

ಸಕಲೇಶಪುರದವ: ಅಕ್ಕಾ, ಫೈಬರ್ ಮಾತ್ರ ಬೇಡ. ನಾನು 14,500 ಕೊಟ್ಟೆ. ಚೀಲಕ್ಕೆ 900 ಬೇರೆ. ಬೆಂಗಳೂರಿಂದ ತರುವಾಗ ಬಸ್ಸಲ್ಲಿ ಅದಕ್ಕೂ ಅರ್ಧ ಟಿಕೆಟ್! ಮರ ನೀರು ಕುಡಿಯುತ್ತೆ, ಅದಕ್ಕೇ ಶ್ರುತಿ ಇಳಿಯುತ್ತೆ ಅಂದಿದ್ದ ಅಂಗಡಿಯವನು. ಜುಲೈ ಎರಡನೇ ವಾರಕ್ಕೆ ಹೊಸದೂ ಅರ್ಧ ಮನೆ (ಶ್ರುತಿಯಲ್ಲಿ ಒಂದು ಮೆಟ್ಟಿಲು) ಕೆಳಗೆ. ಆಮೇಲೆ ತಲೆಗೆ ಹೋಯಿತು. ಒಡಲು ಫೈಬರ್ ಆದರೇನು, ಬಾರಿಸುವ ಬದಿಯ ಮುಚ್ಚಿಗೆ ಅದೇ ಚರ್ಮದ್ದಲ್ವಾ? ತೇವ ಕುಡಿದ ಚರ್ಮ ಭಾರವೂ ಆಗುತ್ತದೆ, ಸಡಿಲವೂ ಆಗುತ್ತದೆ. ಎರಡೂ ಶ್ರುತಿಯನ್ನು ಕೆಳಕ್ಕೇ ಎಳೆಯುತ್ತವೆ. ಒಣಗಲಿ ಅಂತ 60 ವಾಟ್ ಬಲ್ಬಿನಡಿ ಇಟ್ಟೆ. ಕರೆಂಟ್ ಹೋಯಿತು, ನಾನು ಮಲಗಿದೆ, ಕರೆಂಟ್ ಬಂತು. ಬೆಳಿಗ್ಗೆ ನೋಡಿದರೆ ಕರಣೆ (ಮುಚ್ಚಿಗೆ ನಡುವಿನ ಕಪ್ಪು ಲೇಪ) ಸೀಳಿತ್ತು. ಮುಚ್ಚಿಗೆಗೆ 2,200, ಹಾಕಿಸಲು 600, ಹಾಸನಕ್ಕೆ ಎರಡು ಓಡಾಟ.

ಹಾಸನದ ಮೇಷ್ಟ್ರು: ನಟ್-ಬೋಲ್ಟ್ ಮೃದಂಗ ತಗೊಳ್ಳಿ. ನಾನು 11,800 ಕೊಟ್ಟೆ, ಒಂದು ದಿನವೂ ಬೇಸರ ಪಟ್ಟಿಲ್ಲ. ಅರ್ಧ ಮನೆ ಏರಬೇಕೆಂದರೆ ಬಿಗಿತ ನೂರಕ್ಕೆ 12ರಷ್ಟು ಹೆಚ್ಚಬೇಕು. ಬಾರಿನ ಮೃದಂಗಕ್ಕೆ ಕಲ್ಲಿನೇಟು ಹಾಕಿ ಹಾಕಿ ಅಷ್ಟು ಏರಿಸುವ ಹೊತ್ತಿಗೆ ಪಾಠ ಮುಗಿದಿರುತ್ತದೆ. ಇದಕ್ಕೆ ಸ್ಪ್ಯಾನರ್ ಸಾಕು. (ಎರಡು ಬೋಲ್ಟ್ ತುಕ್ಕು ಹಿಡಿದು 750 ಹೋಯಿತು, ಅದು ಬೇರೆ ಮಾತು.) ಬಲ್ಬಿನವರೇ, ಕರಣೆ ಏನು ಅಲಂಕಾರಕ್ಕೆ ಇರುವುದಲ್ಲ. ಬರೀ ಚರ್ಮ ಬಾರಿಸಿದರೆ ಹೊರಡುವ ನಾದಗಳ ಕಂಪನ ಮೊದಲನೆಯದರ 1, 1.59, 2.14 ಪಟ್ಟು ಅಂತ ಅಡ್ಡಾದಿಡ್ಡಿ. ನಡುವೆ ಕರಣೆಯ ಭಾರ ಕೂತರೆ 1, 2, 3ರ ಹತ್ತಿರ ಬರುತ್ತವೆ. ಮೃದಂಗಕ್ಕೆ ಶ್ರುತಿ ಅಂತ ಇರುವುದೇ ಅದರಿಂದ. ಸಿ.ವಿ. ರಾಮನ್ 1920ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದಾರೆ.

ಶೃಂಗೇರಿ ಮದ್ದಳೆ: ರಾಮನ್ ಬರೆಯುವ ಮೊದಲೂ ಮದ್ದಳೆ ನುಡಿಯುತ್ತಿತ್ತು ಮೇಷ್ಟ್ರೇ. ನಮ್ಮಪ್ಪ ಒಲೆ ಹಿಂದಿನ ಗೋಡೆಗೆ ಒರಗಿಸಿ ಇಡುತ್ತಿದ್ದರು. ನಾನೂ ಹಾಗೇ. ಖರ್ಚು ಸೊನ್ನೆ. ಒಂದು ಸಲ ಇಲಿ ಬಾರು ಕಡಿಯಿತು, 1,400.

ಹಾಸನದ ಮೇಷ್ಟ್ರು: ನಿಮ್ಮ ಯಕ್ಷಗಾನ ಮೇಳಗಳು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಆಟ ನಿಲ್ಲಿಸುತ್ತವೆ. ಮಳೆಗಾಲದ ಕಷ್ಟ ನಿಮಗೇನು ಗೊತ್ತು?

ಶೃಂಗೇರಿ ಮದ್ದಳೆ: ಚಿಕ್ಕಮೇಳದ ಹೆಸರು ಕೇಳಿದ್ದೀರಾ? ಜುಲೈ ಮಳೆಯಲ್ಲಿ ಮನೆ ಮನೆಗೆ ಹೋಗುತ್ತೇವೆ. ಕೊಡೆ ಮೊದಲು ಮದ್ದಳೆಗೆ, ಆಮೇಲೆ ನಮಗೆ. ನೀವು ಹಾಸನದಲ್ಲಿ ಕೂತು ಮಳೆ ಬಗ್ಗೆ ಹೇಳಬೇಡಿ.

ಕೊಳಲು, ಚಿಕ್ಕಮಗಳೂರು: ಮಳೆಗೆ ನನ್ನ ಕೊಳಲೂ ಇಳಿಯುತ್ತದೆ. ಬಿದಿರು ತೇವ ಕುಡಿಯುತ್ತದಲ್ಲ.

ಹಾಸನದ ಮೇಷ್ಟ್ರು: ತೇವ ಅಲ್ಲ, ಚಳಿ! ತೇವದ ಗಾಳಿಯಲ್ಲಿ ಸದ್ದು ಒಂದು ಚೂರು ವೇಗವಾಗೇ ಸಾಗುತ್ತದೆ, ಅದರಿಂದ ಶ್ರುತಿ ಏರಬೇಕು. ಗಾಳಿ 10 ಡಿಗ್ರಿ ತಣ್ಣಗಾದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 6 ಮೀಟರ್ ಕಡಿಮೆಯಾಗುತ್ತದೆ. ಕೊಳಲು ಅಷ್ಟಕ್ಕೇ ಇಳಿಯುತ್ತದೆ. ಊದಿ ಬಿಸಿ ಮಾಡಿಕೊಳ್ಳಿ.

ಕೊಳಲು, ಚಿಕ್ಕಮಗಳೂರು: 22 ವರ್ಷದಿಂದ ಊದುತ್ತಿದ್ದೇನೆ. ಊದುವುದು ಹೇಗೆ ಅಂತ ನಿಮ್ಮಿಂದ ಕಲಿಯಬೇಕಾ?

ಮೂಡಿಗೆರೆ ಅಮ್ಮ: ಸಾರ್, ಮೃದಂಗದ ವಿಷಯ...

ಸಕಲೇಶಪುರದವ: ಅಕ್ಕಾ, ಫೈಬರೇ ಬೇಕು ಅಂತಿದ್ದರೆ ನನ್ನದಿದೆ. ಮುಚ್ಚಿಗೆ ಹೊಸದು. 9,000ಕ್ಕೆ ಕೊಡುತ್ತೇನೆ, ಚೀಲ ಸುಮ್ನೆ.