ಪದಚರ್ಚೆ: ಗಾಯ, ಪೆಟ್ಟು, ಮತ್ತು ಆಟಗಾರ ‘ಔಟ್’ ಎಂದರೆ ಯಾವ ಔಟ್?

ಪ್ರಶ್ನೆ:

ನಮಸ್ಕಾರ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ತಾರಾ ಆಟಗಾರನೊಬ್ಬ ಗಾಯಗೊಂಡಾಗ ಅಭಿಮಾನಿಗಳು ಆಡುವ ಮಾತುಗಳನ್ನು ಕನ್ನಡದಲ್ಲಿ ಬರೆಯಬೇಕಿದೆ. ಉದಾಹರಣೆಗೆ ಇಟ್ಟುಕೊಂಡಿರುವುದು ಫ್ಲಾರಿಡಾ ಸ್ಟೇಟ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ತಂಡದ ದಾಳಿ ನಡೆಸುವ ಮುಖ್ಯ ಆಟಗಾರ) ಜೋರ್ಡನ್ ಟ್ರಾವಿಸ್ 2023ರಲ್ಲಿ ಕಾಲು ಮುರಿದುಕೊಂಡ ಪ್ರಸಂಗ. ‘ಕಾರ್ಟೆಡ್ ಆಫ್’, ‘ನಾನ್ ಕಾಂಟ್ಯಾಕ್ಟ್ ಇಂಜುರಿ’, ‘ಔಟ್ ಫಾರ್ ದ ಸೀಸನ್’, ‘ಮೆಡಿಕಲ್ ರೆಡ್‌ಶರ್ಟ್’ ಇವಕ್ಕೆ ಏನು ಬಳಸಬಹುದು? ಎಲ್ಲ ಕಡೆ ‘ಗಾಯ’, ‘ಹೊರಬಿದ್ದರು’ ಎಂದೇ ಬರೆದರೆ ಸಾಕೆ?

ಉತ್ತರ:

ಸಾಲದು. ‘ಹೊರಬಿದ್ದರು’ ಒಂದೇ ಪದ ನಾಲ್ಕು ಬೇರೆ ಬೇರೆ ಕೆಲಸ ಮಾಡುತ್ತಿದೆ. ಆ ಪಂದ್ಯದ ಮಟ್ಟಿಗೆ ಮೈದಾನ ಬಿಟ್ಟದ್ದು, ಆ ಸಾಲಿನ ಉಳಿದ ಪಂದ್ಯಗಳಿಗೆ ಇಲ್ಲವಾದದ್ದು, ಕಾಲೇಜು ಆಟವೇ ಮುಗಿದುಹೋದದ್ದು, ರೆಫರಿ ಹೊರಗೆ ಕಳಿಸಿದ್ದು. ಅಭಿಮಾನಿಯ ಸಂಕಟ ಯಾವುದಕ್ಕೆ ಎಂಬುದು ಇವುಗಳಲ್ಲಿ ಯಾವುದು ಎಂಬುದರ ಮೇಲೆ ನಿಂತಿದೆ.

ಮೊದಲು ಗಾಯದ ವಿಚಾರ. ನಮ್ಮ ಆಡುಮಾತಿನಲ್ಲಿ ‘ಗಾಯ’ ಎಂದರೆ ಚರ್ಮ ಕಿತ್ತು ರಕ್ತ ಬಂದದ್ದು. ಒಳಗೆ ಆದದ್ದಕ್ಕೆ ‘ಪೆಟ್ಟು’, ‘ಒಳಪೆಟ್ಟು’ ಎನ್ನುತ್ತೇವೆ. ಕ್ರೀಡಾಪುಟಗಳ ದೆಸೆಯಿಂದ ‘ಗಾಯದ ಸಮಸ್ಯೆ’ ಎಲ್ಲಕ್ಕೂ ಒಗ್ಗಿಹೋಗಿದೆ, ಶೀರ್ಷಿಕೆಗೆ ಅಡ್ಡಿಯಿಲ್ಲ. ಅಭಿಮಾನಿಯ ಬಾಯಲ್ಲಿ ಮಾತ್ರ ಅದು ಸಪ್ಪೆ. ಗ್ಯಾಲರಿಯಲ್ಲಿ ಕೂತವನು ‘ಗಾಯಗೊಂಡರು’ ಎನ್ನುವುದಿಲ್ಲ, ‘ಅಯ್ಯೋ, ಕಾಲು ಹೋಯ್ತು’ ಎನ್ನುತ್ತಾನೆ.

‘ನಾನ್ ಕಾಂಟ್ಯಾಕ್ಟ್’ಗೆ ‘ಸಂಪರ್ಕರಹಿತ ಗಾಯ’ ಎಂದು ಬರೆದವರಿದ್ದಾರೆ. ದಯವಿಟ್ಟು ಬೇಡ, ಫೋನ್ ಸಂಪರ್ಕ ಕಡಿದಂತೆ ಕೇಳಿಸುತ್ತದೆ. ಇಲ್ಲಿ ‘ಪೆಟ್ಟು’ ಕೂಡ ಸಲ್ಲದು, ಏಕೆಂದರೆ ಯಾರೂ ಹೊಡೆದಿಲ್ಲ. ಓಡುತ್ತಿದ್ದವನು ಪಾದ ಊರಿ ದಿಕ್ಕು ಬದಲಿಸುತ್ತಾನೆ. ಪಾದ ನೆಲ ಕಚ್ಚಿಕೊಂಡಿರುತ್ತದೆ, ಮೈ ತಿರುಗುತ್ತದೆ, ನಡುವೆ ಸಿಕ್ಕ ಮಂಡಿ ತಿರುಚುತ್ತದೆ. ಒಳಗಿನ ಎಸಿಎಲ್, ಅಂದರೆ ಮಂಡಿಯ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್, ಹರಿಯುವುದು ಎಷ್ಟೋ ಸಲ ಹೀಗೆಯೇ. ಯಾರೂ ಮುಟ್ಟದೆ ಆಟಗಾರ ಮಂಡಿ ಹಿಡಿದುಕೊಂಡು ಕುಸಿದರೆ ಬಲ್ಲ ಅಭಿಮಾನಿಗಳು ಮರುಕ್ಷಣವೇ ‘ಎಸಿಎಲ್’ ಎಂದು ಕೈಚೆಲ್ಲುವುದು ಅದಕ್ಕೇ. ‘ಯಾರೂ ಮುಟ್ಟಲೇ ಇಲ್ಲ, ಮಂಡಿ ತಾನಾಗಿ ಹೋಯ್ತು’ ಎಂದರೆ ಅರ್ಥವೂ ಬಂತು, ಆ ಹೆದರಿಕೆಯೂ ಬಂತು.

ಲಿಗಮೆಂಟಿಗೆ ಪಠ್ಯಪುಸ್ತಕದ ಪದ ‘ಅಸ್ಥಿರಜ್ಜು’. ‘ಸ್ನಾಯುಸೆಳೆತ’ ಬರೆದರೆ ತಪ್ಪು. ಅದು ಮಾಂಸಖಂಡದ್ದು, ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಹಿಡಿದುಕೊಂಡಾಗ ಬಳಸುವಂಥದ್ದು, ಹಲವು ಸಲ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಹರಿದ ಎಸಿಎಲ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮತ್ತೆ ಕಣಕ್ಕಿಳಿಯಲು ಸಾಮಾನ್ಯವಾಗಿ 9ರಿಂದ 12 ತಿಂಗಳು ಬೇಕು. ಒಂದು ಪದದ ಎಡವಟ್ಟಿನಿಂದ ಓದುಗರು ಮುಂದಿನ ತಿಂಗಳೇ ಆತನನ್ನು ನಿರೀಕ್ಷಿಸುತ್ತಾರೆ. ಕ್ರಿಕೆಟ್ ಓದುಗರಿಗೆ ‘ಲಿಗಮೆಂಟ್’ ಪರಿಚಿತ, ಹಾಗೇ ಇಡಿ. ಹಳ್ಳಿಯ ಕಡೆ ‘ನರ ಹರಿದಿದೆ’ ಎನ್ನುವುದುಂಟು. ಸಂಭಾಷಣೆಯಲ್ಲಿ ಸೊಗಸು, ವರದಿಯಲ್ಲಿ ಗೊಂದಲ.

‘ಸೊಂಟ’ ಪದದಲ್ಲೂ ಎಚ್ಚರ ಬೇಕು. 2019ರ ನವೆಂಬರ್ 16ರಂದು ಅಲಬಾಮಾ ತಂಡದ ಕ್ವಾರ್ಟರ್‌ಬ್ಯಾಕ್ ಟುವಾ ಟಾಗೊವೈಲೊವಾಗೆ ಆದದ್ದನ್ನು ‘ಸೊಂಟ ಮುರಿತ’ ಎಂದರೆ ನಮಗೆ ಬೆನ್ನಿನ ಕೆಳಭಾಗ ನೆನಪಾಗುತ್ತದೆ. ಅಲ್ಲಿ ಆದದ್ದು ಬಲಗಡೆಯ ತೊಡೆಮೂಳೆ ಕೀಲಿನಿಂದ ಹಿಂದಕ್ಕೆ ಜಾರಿ, ಅದು ಕೂರುವ ಬಟ್ಟಲಿನ ಹಿಂಬದಿಯ ಅಂಚು ಒಡೆದದ್ದು. ‘ತೊಡೆಯ ಕೀಲು ತಪ್ಪಿತು’ ಎಂದರೆ ಸರಿ. ಮಿಸಿಸಿಪಿ ಸ್ಟೇಟ್ ವಿರುದ್ಧ 35–7ರಿಂದ ಮುಂದಿದ್ದಾಗ, ಮಧ್ಯಂತರಕ್ಕೆ ಇನ್ನೇನು ಕೆಲವೇ ನಿಮಿಷಗಳಿದ್ದಾಗ ಅದು ಸಂಭವಿಸಿತು. ಹಾಗಾಗಿ ಅಭಿಮಾನಿಗಳ ಮರುಕದ ಜೊತೆಗೇ ಕೋಚ್ ಮೇಲಿನ ಸಿಟ್ಟೂ ಇತ್ತು. ‘ಇನ್ನೂ ಯಾಕೆ ಆಡಿಸಬೇಕಿತ್ತು?’ ಎಂಬಷ್ಟರಲ್ಲೇ ಆ ಸಿಟ್ಟು ಬರುತ್ತದೆ. ‘ಯಾಕೆ ಇಳಿಸಬೇಕಿತ್ತು’ ಎಂದರೆ ಆಗಷ್ಟೇ ಕಣಕ್ಕಿಳಿಸಿದಂತಾಗುತ್ತದೆ.

‘ಕಾರ್ಟೆಡ್ ಆಫ್’: ‘ಹೊತ್ತೊಯ್ದರು’ ಬೇಡ, ‘ಎತ್ತಿಕೊಂಡು ಹೋದರು’ ಕೂಡ ಬೇಡ. ಒಂದು ಸ್ಟ್ರೆಚರನ್ನು ನೆನಪಿಸುತ್ತದೆ, ಇನ್ನೊಂದರಲ್ಲಿ ಅಶುಭದ ಛಾಯೆಯಿದೆ. ಅದು ಗಾಲ್ಫ್ ಮೈದಾನದಲ್ಲಿ ಓಡಾಡುವಂಥ ಸಣ್ಣ ಮೋಟಾರು ಗಾಡಿ. ‘ಗಾಡಿಯಲ್ಲಿ ಕೂರಿಸಿಕೊಂಡು ಹೊರಗೆ ಕರೆದೊಯ್ದರು’ ಎನ್ನಿ. ಗಾಡಿ ಎಂಬ ವಿವರ ಬಿಡಬೇಡಿ. ಸಿಬ್ಬಂದಿಯ ಹೆಗಲ ಮೇಲೆ ಕೈಹಾಕಿ ಕುಂಟುತ್ತ ಹೋದರೆ ಗ್ಯಾಲರಿಗೆ ಆಸೆ ಉಳಿದಿರುತ್ತದೆ, ಗಾಡಿ ಬಂದರೆ ಸದ್ದಡಗುತ್ತದೆ.

ಇನ್ನು ‘ಔಟ್’. ಟ್ರಾವಿಸ್ ಬಿದ್ದದ್ದು 2023ರ ನವೆಂಬರ್ 18ರಂದು, ಟಲ್ಲಹಾಸಿಯಲ್ಲಿ, ನಾರ್ತ್ ಅಲಬಾಮಾ ವಿರುದ್ಧದ ಪಂದ್ಯದ ಮೊದಲ ಕ್ವಾರ್ಟರಿನಲ್ಲಿ. ತಂಡ 58–13ರಿಂದ ಗೆದ್ದಿತು. ಅದು ಆ ಸಾಲಿನ 11ನೇ ಪಂದ್ಯ, ಆತನಿಗೆ ಕಾಲೇಜಿನಲ್ಲಿ ಕೊನೆಯ ವರ್ಷ. ಆದ್ದರಿಂದ ‘ಈ ಸೀಸನ್‌ಗೆ ಇಲ್ಲ’ ಎಂದರೆ ಅರ್ಧ ಸತ್ಯ. ‘ಕಾಲೇಜು ಆಟ ಅಲ್ಲಿಗೇ ಮುಗಿಯಿತು’ ಎಂದೇ ಬರೆಯಬೇಕು.

ಮೆಡಿಕಲ್ ರೆಡ್‌ಶರ್ಟ್ ಪ್ರಶ್ನೆ ಬರುವುದು ಇಲ್ಲೇ. ‘ಕೆಂಪಂಗಿ’ ನಗೆಪಾಟಲು. ‘ವೈದ್ಯಕೀಯ ವಿನಾಯಿತಿ’ ಎಂದರೆ ಪರೀಕ್ಷೆಗೆ ಹಾಜರಾಗದ ವಿದ್ಯಾರ್ಥಿಯ ನೆನಪು. ವಿಷಯ ಇಷ್ಟು: ಕಾಲೇಜು ಆಟಗಾರನಿಗೆ ಐದು ವರ್ಷದ ಅವಧಿಯಲ್ಲಿ ನಾಲ್ಕು ಸೀಸನ್ ಆಡಲು ಅವಕಾಶ ಎಂಬುದು ಆಗಿನ ಮೂಲ ಲೆಕ್ಕ. ಗಾಯದಿಂದ ಹಾಳಾದ ಸೀಸನ್ನನ್ನು ಆ ಲೆಕ್ಕದಿಂದ ಬಿಡಿಸಿಕೊಳ್ಳಲು ಅರ್ಜಿ ಹಾಕಬಹುದು. ಗಾಯ ಸೀಸನ್ನಿನ ಮೊದಲರ್ಧದಲ್ಲೇ ಆಗಿರಬೇಕು, ಆಡಿದ ಪಂದ್ಯಗಳು ಶೇ 30 ಮೀರಿರಬಾರದು. 12 ಪಂದ್ಯಗಳ ಸೀಸನ್ನಿನಲ್ಲಿ ಅದು 3.6, ಮೇಲಕ್ಕೆ ಏರಿಸಿ 4. ಹನ್ನೊಂದನೆಯ ಪಂದ್ಯದಲ್ಲಿ ಬಿದ್ದವನಿಗೆ ಈ ದಾರಿ ಮುಚ್ಚಿದೆ. ‘ರೆಡ್‌ಶರ್ಟ್’ ಹಾಗೇ ಇಟ್ಟು, ಮೊದಲ ಸಲ ಬಂದಾಗ ‘ಗಾಯದಿಂದ ಹಾಳಾದ ವರ್ಷವನ್ನು ಲೆಕ್ಕಕ್ಕೆ ಹಿಡಿಯದ ಏರ್ಪಾಡು’ ಎಂದು ಬಿಡಿಸಿ ಹೇಳಿ.

ರೆಫರಿ ಕಳಿಸಿದ್ದಾದರೆ ‘ಹೊರಹಾಕಿದರು’. ಎದುರಾಳಿಯ ತಲೆ, ಕುತ್ತಿಗೆಗೆ ಗುರಿಯಿಟ್ಟು ನುಗ್ಗುವ ‘ಟಾರ್ಗೆಟಿಂಗ್’ ತಪ್ಪಿಗೆ 2013ರಿಂದ ಈ ಶಿಕ್ಷೆ ಇದೆ. ಬಿದ್ದವನೂ ‘ಹೊರಬಿದ್ದ’, ಬೀಳಿಸಿದವನೂ ‘ಹೊರಬಿದ್ದ’ ಎಂದರೆ ಓದುಗ ತಲೆ ಕೆರೆದುಕೊಳ್ಳುತ್ತಾನೆ.

ಮರುಪ್ರಶ್ನೆ:

ಚೆನ್ನಾಗಿ ಬಿಡಿಸಿ ಹೇಳಿದಿರಿ ಸರ್. ಇನ್ನೆರಡು ಉಳಿದಿವೆ. ಯಾರು ಆಡುತ್ತಾರೆ, ಯಾರು ಇಲ್ಲ ಎಂದು ಪಂದ್ಯಕ್ಕೆ ಮುಂಚೆ ಕೊಡುವ ಪಟ್ಟಿಯಲ್ಲಿ ‘ಕ್ವೆಶ್ಚನಬಲ್’, ‘ಡೌಟ್‌ಫುಲ್’ ಎರಡೂ ಬರುತ್ತವೆ. ಎರಡಕ್ಕೂ ‘ಅನುಮಾನ’ ಆಗುತ್ತದೆಯೇ? ಟ್ರಾವಿಸ್ ಪ್ರಸಂಗದ ಕೊನೆಗೆ ಅಭಿಮಾನಿಗಳಿಗಾದ ಸಂಕಟಕ್ಕೆ ‘ಹೃದಯ ಒಡೆಯಿತು’ ಬಿಟ್ಟು ಬೇರೆ ಮಾತು?

ಉತ್ತರ:

‘ಆಡುವುದು ಅನುಮಾನ’ ಎಂದರೆ ಕನ್ನಡದಲ್ಲಿ ತಕ್ಕಡಿ ‘ಇಲ್ಲ’ದ ಕಡೆ ವಾಲಿರುತ್ತದೆ, ಆದ್ದರಿಂದ ಅದು ‘ಡೌಟ್‌ಫುಲ್’ಗೆ ಮೀಸಲಿರಲಿ. ‘ಕ್ವೆಶ್ಚನಬಲ್’ ಎಂದರೆ ಎರಡೂ ಕಡೆ ಸಮ, ‘ಇನ್ನೂ ಖಚಿತವಿಲ್ಲ’ ಎನ್ನಿ. ಕಾಲೇಜು ತಂಡಗಳ ‘ಬಿಗ್ ಟೆನ್’ ಒಕ್ಕೂಟ 2023ರಲ್ಲಿ ಇಂಥ ಪಟ್ಟಿ ಶುರುಮಾಡಿದಾಗ ಅದರಲ್ಲಿದ್ದದ್ದು ‘ಕ್ವೆಶ್ಚನಬಲ್’, ‘ಔಟ್’ ಎರಡೇ. ಅಲ್ಲಿ ‘ಖಚಿತವಿಲ್ಲ’, ‘ಆಡುವುದಿಲ್ಲ’ ಸಾಕು.

ಸಂಕಟಕ್ಕೆ ‘ಕರುಳು ಕಿತ್ತು ಬಂದಂತಾಯಿತು’ ಇದೆ, ಆದರೆ ಅದು ಆತ ಬಿದ್ದ ಹೊತ್ತಿಗೆ. ಆಮೇಲಿನದು ಬೇರೆ ಬಗೆ. ಟ್ರಾವಿಸ್ ಇಲ್ಲದೆಯೂ ತಂಡ ಫ್ಲಾರಿಡಾವನ್ನು 24–15ರಿಂದ, ಲೂಯಿವಿಲ್ ತಂಡವನ್ನು 16–6ರಿಂದ ಸೋಲಿಸಿ 13 ಪಂದ್ಯ ಅಜೇಯವಾಗಿ ಮುಗಿಸಿತು. ಡಿಸೆಂಬರ್ 3ರಂದು ಆಯ್ಕೆ ಸಮಿತಿ ಮಿಷಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮಾಗಳಿಗೆ ಪ್ಲೇಆಫ್, ಅಂದರೆ ಆಗ ನಾಲ್ಕೇ ತಂಡಗಳಿದ್ದ ರಾಷ್ಟ್ರೀಯ ಪ್ರಶಸ್ತಿಯ ಸುತ್ತು, ಕೊಟ್ಟು ಫ್ಲಾರಿಡಾ ಸ್ಟೇಟನ್ನು ಐದನೆಯ ಸ್ಥಾನಕ್ಕಿಟ್ಟಿತು. ಟ್ರಾವಿಸ್ ಇಲ್ಲದ ತಂಡ ಬೇರೆಯೇ ತಂಡ ಎಂಬುದು ಸಮಿತಿಯ ವಾದ. ಇದಕ್ಕೆ ‘ಗಾಯದ ಮೇಲೆ ಬರೆ’ ಎಂಬ ಮಾತು ಹೇಳಿ ಮಾಡಿಸಿದಂತಿದೆ.

ಅಂದು ಟ್ರಾವಿಸ್ ಬರೆದದ್ದರ ಸಾರ: ಕಾಲು ಇನ್ನೂ ಮುಂಚೆಯೇ ಮುರಿದಿದ್ದರೆ ಈ ತಂಡ ಒಬ್ಬ ಕ್ವಾರ್ಟರ್‌ಬ್ಯಾಕನ್ನಷ್ಟೇ ನಂಬಿಲ್ಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಇದನ್ನು ‘ಮುಂಚೆಯೇ ಮುರಿಯಬಾರದಿತ್ತೇ’ ಎಂದು ಕನ್ನಡಕ್ಕೆ ತರಬಹುದು. ಮುದ್ರಣದಲ್ಲಿ ಕೊನೆಯ ‘ಏ’ ಬಿಟ್ಟುಹೋದರೆ ಅರ್ಥ ತಲೆಕೆಳಗಾಗುತ್ತದೆ, ಕರಡು ತಿದ್ದುವಾಗ ನೋಡಿಕೊಳ್ಳಿ.