ಹಿಂದಿನ ಗಾಲಿ ಪದೇ ಪದೇ ಪಂಕ್ಚರ್, ಒತ್ತೊತ್ತಿಗೆ ಎರಡು ತೂತು (ಬಾದಾಮಿ–ಐಹೊಳೆ ಒಳದಾರಿ)

ಕೆಂಪುಗಲ್ಲು (ಬಾಗಲಕೋಟೆ):
ಎಲ್ಲರಿಗೂ ನಮಸ್ಕಾರ. ನನ್ನದು 27.5 ಇಂಚು ಗಾಲಿಯ ಹಾರ್ಡ್‌ಟೇಲ್ ಸೈಕಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವುದು). ಟೈರ್ 2.1 ಇಂಚು ಅಗಲ, ಒಳಗೆ ಟ್ಯೂಬ್, ಬೈಕಿಗೆ ಇರುವಂಥ ದಪ್ಪ ವಾಲ್ವ್. ನನ್ನ ತೂಕ 72 ಕಿಲೋ. ರಜೆ ಇದ್ದಾಗ ಬಾದಾಮಿಯಿಂದ ಮಹಾಕೂಟ, ಪಟ್ಟದಕಲ್ಲು, ಐಹೊಳೆ ಕಡೆ ಹೋಗುತ್ತೇನೆ. ಡಾಂಬರು ಬಿಟ್ಟು ಆದಷ್ಟು ಚಕ್ಕಡಿ ದಾರಿ, ಹೊಲದ ಬದು, ಮಡ್ಡಿ (ಕಲ್ಲುನೆಲ) ಮೇಲೆ ಓಡಿಸುವುದು ನನಗಿಷ್ಟ.

ಸಮಸ್ಯೆ ಏನಂದ್ರೆ ಹಿಂದಿನ ಗಾಲಿಯಲ್ಲಿ ಗಾಳಿ ನಿಲ್ಲುತ್ತಿಲ್ಲ. ಪ್ಯಾಚ್ ಹಾಕಿಸಿಕೊಂಡು ಮನೆಗೆ ಬಂದರೆ ಬೆಳಗಾಗುವಷ್ಟರಲ್ಲಿ ಮತ್ತೆ ಮೆತ್ತಗಾಗಿರುತ್ತದೆ. ಹೊಸ ಟ್ಯೂಬ್ ಹಾಕಿದೆ, ಅದೂ ಹಾಗೇ ಆಯ್ತು. ಹೆಚ್ಚಾಗಿ ತೂತು ಒಂದಲ್ಲ, ಒತ್ತೊತ್ತಿಗೆ ಎರಡು ಇರುತ್ತವೆ. ಅಂಗಡಿಯಲ್ಲಿ ತೋರಿಸಿದಾಗ, "ಎರಡು ತೂತು ಅಂದ್ರೆ ಗಾಳಿ ಕಡಿಮೆ, ಕಲ್ಲಿಗೆ ಬಡಿದು ರಿಮ್ ಟ್ಯೂಬನ್ನು ಕಚ್ಚಿದೆ" ಅಂದರು. ಅವರು ಹೇಳಿದಂತೆ 55 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿದೆ. ಈಗ ಕಲ್ಲಿನ ಮೇಲೆ ಸೈಕಲ್ ಪುಟಿಯುತ್ತದೆ. ಬಂಡೆ ಮೇಲೆ ಮರಳು ಉದುರಿದ ಕಡೆ ಹಿಡಿತವೇ ಸಿಗುವುದಿಲ್ಲ. ಪಂಕ್ಚರ್ ಮಾತ್ರ ನಿಂತಿಲ್ಲ. ಮುಂದಿನ ಗಾಲಿ ಚೆನ್ನಾಗೇ ಇದೆ. ಏನು ಮಾಡಲಿ?

ಡೋಣಿ ದಂಡೆ (ತಾಳಿಕೋಟೆ):
ನಮ್ಮ ಕಡೆ ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ, ಟೈರಿಗೂ ಹೊಸ ಟ್ಯೂಬಿಗೂ ನಡುವೆ ಹಾಸುತ್ತಾರೆ. ಗಾಲಿ ಸ್ವಲ್ಪ ಭಾರ ಆಗುತ್ತದೆ, ಆದರೆ ಸಣ್ಣ ಮುಳ್ಳು ತಡೆಯುತ್ತದೆ. ಒಮ್ಮೆ ಮಾಡಿ ನೋಡಿ ಸರ್.

ಮಡ್ಡಿಸವಾರ (ಮುಧೋಳ):
ಕೆಂಪುಗಲ್ಲು ಅವರೇ, ಏನನ್ನಾದರೂ ಹಾಸುವ ಮೊದಲು, ಗಾಳಿ ಇನ್ನೂ ಜಾಸ್ತಿ ಮಾಡುವ ಮೊದಲು, ಆ ತೂತುಗಳನ್ನು ಒಮ್ಮೆ ಸರಿಯಾಗಿ ನೋಡೋಣ. ಎರಡು ತೂತು ಅಂದ ಮಾತ್ರಕ್ಕೆ ರಿಮ್ ಕಚ್ಚಿದೆ ಅಂತಲ್ಲ.

ರಿಮ್ ಕಚ್ಚಿದ ತೂತು ಸೀಳಿದ ಹಾಗಿರುತ್ತದೆ, ಸಣ್ಣ ಗೀಟಿನಂತೆ. ರಿಮ್ಮಿನ ಎರಡೂ ಅಂಚು ಒಟ್ಟಿಗೆ ಒತ್ತುವುದರಿಂದ ಒಂದು ತೂತು ಟ್ಯೂಬಿನ ಎಡಮಗ್ಗುಲಲ್ಲಿ, ಇನ್ನೊಂದು ಬಲಮಗ್ಗುಲಲ್ಲಿ ಬೀಳುತ್ತದೆ. ಕಲ್ಲಿಗೆ ಬಡಿದ ಸದ್ದು ನಿಮಗೇ ಕೇಳಿರುತ್ತದೆ, ಗಾಳಿ ಅಲ್ಲೇ ನಿಂತಲ್ಲೇ ಹೋಗುತ್ತದೆ. ರಾತ್ರಿಯೆಲ್ಲ ನಿಧಾನವಾಗಿ ಇಳಿಯುವುದಿಲ್ಲ.

ನಿಮ್ಮದು ನಿಧಾನವಾಗಿ ಇಳಿಯುತ್ತಿದೆ. ಹಾಗಾಗಿ ಈ ಮೂರು ಹೇಳಿ: ತೂತು ಟೈರ್ ಕಡೆಗಿನ ಹೊರಮೈಯಲ್ಲಿದೆಯೋ, ರಿಮ್ ಕಡೆಗಿನ ಒಳಮೈಯಲ್ಲಿದೆಯೋ? ಸೂಜಿ ಚುಚ್ಚಿದ ಹಾಗಿದೆಯೋ, ಸೀಳಿದ ಹಾಗಿದೆಯೋ? ಎರಡರ ನಡುವೆ ಎಷ್ಟು ಅಂತರ? ಟ್ಯೂಬಿಗೆ ಸ್ವಲ್ಪ ಜಾಸ್ತಿ ಗಾಳಿ ಹಾಕಿ ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವಲ್ಲಿ ಪೆನ್ನಿನಿಂದ ಗುರುತು ಮಾಡಿ.

ಕೆಂಪುಗಲ್ಲು:
ನೋಡಿದೆ ಸರ್. ಎರಡೂ ಹೊರಮೈಯಲ್ಲೇ ಇವೆ, ಟೈರಿನ ನಡುಭಾಗಕ್ಕೆ ಬರುವ ಕಡೆ. ಸೂಜಿ ಚುಚ್ಚಿದಷ್ಟೇ ಸಣ್ಣ. ಅಂತರ ಒಂದು ಬೆರಳಗಲಕ್ಕಿಂತ ಕಡಿಮೆ. ಹಳೇ ಟ್ಯೂಬ್ ತೆಗೆದು ಹೋಲಿಸಿದೆ, ಅದರಲ್ಲೂ ಒಂದು ಪ್ಯಾಚ್ ವಾಲ್ವಿನಿಂದ ಹೆಚ್ಚು ಕಡಿಮೆ ಅಷ್ಟೇ ದೂರದಲ್ಲಿದೆ.

ಮಡ್ಡಿಸವಾರ:
ಹಾಗಾದರೆ ಕಲ್ಲಿನದಲ್ಲ, ಮುಳ್ಳಿನದು. ಎರಡೂ ಟ್ಯೂಬಿನಲ್ಲಿ ಅದೇ ಜಾಗ ಅಂದ್ರೆ ಮುಳ್ಳಿನ ತುದಿ ಇನ್ನೂ ಟೈರಿನಲ್ಲೇ ಕೂತಿದೆ. ಪ್ಯಾಚ್ ಚೆನ್ನಾಗೇ ಅಂಟಿದೆ, ಅದರ ಪಕ್ಕ ಮತ್ತೆ ಚುಚ್ಚುತ್ತಿದೆ.

ಜೋಡಿ ತೂತು ನೋಡಿದರೆ ನನಗೆ ನೆಗ್ಗಿಲ ಮುಳ್ಳಿನ ಮೇಲೇ ಅನುಮಾನ. ನೆಲಕ್ಕೆ ಹಾಸಿಕೊಂಡು ಬೆಳೆಯುವ ಬಳ್ಳಿ, ಸಣ್ಣ ಹಳದಿ ಹೂವು. ನೀವೆಲ್ಲ ಬರಿಗಾಲಲ್ಲಿ ತುಳಿದೇ ಇರುತ್ತೀರಿ. ಅದರ ಕಾಯಿ ಒಣಗಿದ ಮೇಲೆ ಐದು ಹೋಳಾಗಿ ಒಡೆಯುತ್ತದೆ. ಒಂದೊಂದು ಹೋಳಿಗೂ ಎರಡು ಉದ್ದ ಮುಳ್ಳು, ಕೆಳಗೆ ಎರಡು ಗಿಡ್ಡ ಮುಳ್ಳು. ಹೇಗೆ ಬಿದ್ದರೂ ಒಂದಾದರೂ ಮೇಲ್ಮುಖವಾಗಿ ನಿಲ್ಲುತ್ತದೆ. ಉದ್ದ ಮುಳ್ಳು ಎರಡೂ ಒಟ್ಟಿಗೆ ಹೊಕ್ಕರೆ ನೀವು ಹೇಳಿದಂಥ ಜೋಡಿ ತೂತೇ ಆಗುತ್ತದೆ. ಮಳೆಗಾಲ ಮುಗಿದು ಬಳ್ಳಿ ಒಣಗಿದ ಮೇಲೆ ಬದುವಿನ ಮೇಲೆ, ಚಕ್ಕಡಿ ದಾರಿಯ ನಡುವಿನ ಹುಲ್ಲಿನಲ್ಲಿ ಇದು ಚೆಲ್ಲಿಕೊಂಡಿರುತ್ತದೆ.

ಹಿಂದಿನ ಗಾಲಿಗೇ ಯಾಕೆ ಅಂದ್ರೆ ನಿಮ್ಮ ಭಾರ ಹೆಚ್ಚಾಗಿ ಅದರ ಮೇಲೇ ಇದೆ. ಮುಂದಿನ ಟೈರಿಗೂ ಹತ್ತಿರುತ್ತದೆ, ಪೂರ್ತಿ ಒಳಗೆ ಹೋಗಿರುವುದಿಲ್ಲ. ಅದನ್ನೂ ಒಮ್ಮೆ ನೋಡಿಕೊಳ್ಳಿ.

ಹುಡುಕುವುದು ಹೀಗೆ. ಟ್ಯೂಬನ್ನು ಟೈರಿನ ಮೇಲೆ ಮೊದಲಿದ್ದ ಹಾಗೇ ಇಡಿ, ವಾಲ್ವು ವಾಲ್ವಿನ ಜಾಗಕ್ಕೆ ಬರಲಿ. ತೂತು ಎಲ್ಲಿ ಬರುತ್ತದೋ ಅಲ್ಲಿ ಟೈರಿಗೆ ಗುರುತು ಹಾಕಿ. ಟ್ಯೂಬ್ ತಿರುಗಿಸಿ ಇಟ್ಟಿರಬಹುದು ಅನ್ನಿಸಿದರೆ ವಾಲ್ವಿನ ಇನ್ನೊಂದು ಮಗ್ಗುಲಿಗೂ ಅಷ್ಟೇ ದೂರದಲ್ಲಿ ನೋಡಿ. ಒಳಗಡೆ ಬೆರಳಾಡಿಸಬೇಡಿ, ಚುಚ್ಚುತ್ತದೆ. ಹತ್ತಿಯ ಉಂಡೆ ಅಥವಾ ಹಳೇ ಬನಿಯನ್ ಬಟ್ಟೆ ತಗೊಂಡು ಒರೆಸುತ್ತಾ ಹೋಗಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲೇ ಇದೆ. ಬಟ್ಟೆಗೂ ಸಿಗದಿದ್ದರೆ ಗುರುತಿನ ಜಾಗದಲ್ಲಿ ಟೈರನ್ನು ಒಳಮೈ ಹೊರಗೆ ಬರುವಂತೆ ಮಡಚಿ. ರಬ್ಬರ್ ಬಿಗಿಯಾದಾಗ ಕಪ್ಪಗೆ ಚುಕ್ಕೆ ಕಾಣುತ್ತದೆ. ಒಳಗಿಂದ ದಪ್ಪ ಸೂಜಿಯಲ್ಲಿ ಹೊರಕ್ಕೆ ತಳ್ಳಿ, ಹೊರಗಿಂದ ಇಕ್ಕಳದಲ್ಲಿ ಎಳೆಯಿರಿ. ಒಂದು ಸಿಕ್ಕಿತು ಅಂತ ನಿಲ್ಲಿಸಬೇಡಿ, ಪೂರ್ತಿ ಸುತ್ತು ನೋಡಿ.

ಮತ್ತೆ ಟೈರ್ ಹಾಕುವಾಗ ಅದರ ಮೇಲಿನ ಹೆಸರು ವಾಲ್ವಿನ ಎದುರಿಗೆ ಬರುವ ಹಾಗೆ ಹಾಕಿ. ಮುಂದಿನ ಸಲ ತೂತು ಬಿದ್ದರೆ ಟೈರಿನಲ್ಲಿ ಎಲ್ಲಿ ಹುಡುಕಬೇಕು ಅಂತ ತಕ್ಷಣ ಗೊತ್ತಾಗುತ್ತದೆ.

ಗಾಳಿ ಇಳಿಸಿ ದಯವಿಟ್ಟು. ನಿಮ್ಮ ತೂಕಕ್ಕೆ, ಈ ಟೈರಿಗೆ, ಟ್ಯೂಬ್ ಇದ್ದರೆ ಹಿಂದೆ 33–35, ಮುಂದೆ 28–30 ಸಾಕು. 55ರಲ್ಲಿ ಟೈರ್ ಗಟ್ಟಿಯಾಗಿ ನಿಂತು ಮುಳ್ಳಿನ ಮೇಲೆ ಇನ್ನೂ ಜೋರಾಗಿ ಒತ್ತುತ್ತದೆ. ತೀರ ಕಡಿಮೆಯೂ ಬೇಡ. ಮಹಾಕೂಟದ ಕಡೆ ಕಲ್ಲಿನ ಮೆಟ್ಟಿಲಿನಂಥ ಜಾಗದಲ್ಲಿ 20–22 ಇಟ್ಟುಕೊಂಡು ಹೋದರೆ ಆವಾಗ ನಿಜವಾಗಿಯೂ ರಿಮ್ ಕಚ್ಚುತ್ತದೆ.

ಕಣಕುಂಬಿ ಕಾಡು (ಖಾನಾಪುರ):
ಟ್ಯೂಬ್‌ಲೆಸ್‌ಗೆ (ಟ್ಯೂಬ್ ಇಲ್ಲದ ಟೈರಿಗೆ) ಹೋಗಿ ಅಣ್ಣಾ, ಈ ಕಾಟವೇ ಇರುವುದಿಲ್ಲ. ನಾನು ಜಾಂಬೋಟಿ, ಕಣಕುಂಬಿ ಕಡೆ ಅದರಲ್ಲೇ ಓಡಿಸುತ್ತೇನೆ. ಹಿಂದೆ 25 ಪಿಎಸ್‌ಐ.

ಮಡ್ಡಿಸವಾರ:
ಟ್ಯೂಬ್‌ಲೆಸ್ ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ ಮಲಪ್ರಭೆ ನಿಮ್ಮ ಕಣಕುಂಬಿಯಲ್ಲಿ ಹುಟ್ಟಿ ಪಟ್ಟದಕಲ್ಲಿಗೆ ಬರುವಷ್ಟರಲ್ಲಿ ನೆಲವೇ ಬೇರೆ ಆಗಿರುತ್ತದೆ. ನಿಮ್ಮಲ್ಲಿ ಜಂಬಿಟ್ಟಿಗೆ ಕಲ್ಲು, ನೆರಳು, ಒದ್ದೆ ಎಲೆ. ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಟೈರಿನೊಳಗಿನ ಸೀಲೆಂಟ್ (ತೂತು ಮುಚ್ಚುವ ದ್ರವ) ಬೇಗ ಒಣಗಿ ರಬ್ಬರಿನ ಚೂರಾಗುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ತಿಂಗಳಿಗೊಮ್ಮೆಯಾದರೂ ವಾಲ್ವಿನ ಒಳಪಿನ್ನು ಬಿಚ್ಚಿ ಕಡ್ಡಿ ಅದ್ದಿ ನೋಡಬೇಕು. ಕಡ್ಡಿ ಒಣಗಿ ಬಂದರೆ ಮತ್ತೆ ಹಾಕಬೇಕು. ಈ ಅಳತೆಯ ಟೈರಿಗೆ 80–100 ಮಿಲಿ ಬೇಕು, ಇಲ್ಲಿ ಕಡಿಮೆ ಹಾಕುವುದು ಬೇಡ.

ಇನ್ನೊಂದು ಮಾತು. ರಿಮ್ಮೂ ಟೈರೂ ಎರಡೂ ಟ್ಯೂಬ್‌ಲೆಸ್‌ಗೆ ಮಾಡಿದ್ದಾಗಿರಬೇಕು. ಸಾದಾ ರಿಮ್ಮಿಗೆ ಟೇಪ್ ಸುತ್ತಿ ಮಾಡುವವರಿದ್ದಾರೆ. ಐಹೊಳೆ ಆಚೆ ಮಡ್ಡಿಯಲ್ಲಿ ಟೈರ್ ರಿಮ್ ಬಿಟ್ಟು ಎದ್ದರೆ ಕೈಪಂಪಿನಲ್ಲಿ ಮತ್ತೆ ಕೂರಿಸುವುದು ಬಹಳ ಕಷ್ಟ. ನಾನಾದರೆ ಆ ದಾರಿ ಹಿಡಿಯುವುದಿಲ್ಲ.

ಕೆಂಪುಗಲ್ಲು ಅವರಿಗೆ ಸದ್ಯಕ್ಕೆ ಟ್ಯೂಬಿನೊಳಗೇ ಹಾಕುವ ಸೀಲೆಂಟ್ ಸಾಕು. ಟ್ಯೂಬಿಗೆ ಅಂತಲೇ ಬರುವುದು ಕೇಳಿ ತಗೊಳ್ಳಿ. ನಿಮ್ಮದು ದಪ್ಪ ವಾಲ್ವ್ ಆಗಿರುವುದರಿಂದ ಒಳಪಿನ್ನು ಬಿಚ್ಚಿ ಸುಲಭವಾಗಿ ತುಂಬಬಹುದು. ಆದರೆ ಮೊದಲು ಮುಳ್ಳು ತೆಗೆಯಿರಿ. ಮುಳ್ಳು ಒಳಗೇ ಇದ್ದರೆ ಗಾಲಿ ಉರುಳಿದಂತೆಲ್ಲ ತೂತು ಹಿಗ್ಗುತ್ತದೆ, ಯಾವ ಸೀಲೆಂಟೂ ನಿಲ್ಲುವುದಿಲ್ಲ.

ಡೋಣಿ ದಂಡೆ:
ಜಾಲಿ ಬಗ್ಗೆಯೂ ಹೇಳಿ ಸರ್. ನಮ್ಮಲ್ಲಿ ಅದರದ್ದೇ ಜಾಸ್ತಿ.

ಮಡ್ಡಿಸವಾರ:
ಹೌದು, ಅದಕ್ಕೆ ಸೀಲೆಂಟ್ ಸಾಲದು. ಬಳ್ಳಾರಿ ಜಾಲಿಯ ಮುಳ್ಳು ಟೈರ್ ದಾಟಿ ಟ್ಯೂಬಿನ ಎರಡೂ ಮೈ ತೂರಿ ಹೋಗುತ್ತದೆ. ರೈತರು ಬೇಲಿಗೆ ಜಾಲಿ ಕಡಿದು ಎಳೆದುಕೊಂಡು ಹೋದ ದಾರಿಯಲ್ಲಿ ಸಣ್ಣ ರೆಂಬೆಗಳು ಉದುರಿರುತ್ತವೆ. ನೆಲದ ಮೇಲೆ ಎಳೆದ ಗೆರೆಗಳು ಕಂಡರೆ ಇಳಿದು ಸೈಕಲ್ ಎತ್ತಿಕೊಂಡು ದಾಟಿ. ನಮ್ಮ ಕಬ್ಬಿನ ಸೀಮೆಯಲ್ಲಿ ರವದಿ (ಕಬ್ಬಿನ ಒಣ ಸೋಗೆ) ಹರಡಿದ ದಾರಿಯೂ ಹಾಗೇ, ಕೆಳಗೆ ಏನಿದೆ ಅಂತ ಕಾಣುವುದಿಲ್ಲ. ಬದುವಿಗಿಂತ ಚಕ್ಕಡಿ ಗಾಲಿ ಉರುಳಿ ನುಣುಪಾದ ಜಾಡೇ ಒಳ್ಳೆಯದು, ಅಲ್ಲಿ ಮುಳ್ಳು ಕಡಿಮೆ.

ಎರೆ (ಕಪ್ಪು ಮಣ್ಣಿನ) ಹೊಲ ಒದ್ದೆ ಇದ್ದರೆ ಮಾತ್ರ ಯಾವ ಜಾಡೂ ಬೇಡ. ರಾಡಿ ಗಾಲಿಗೂ ಫ್ರೇಮಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗುವುದೇ ಇಲ್ಲ. ಜೋರು ಮಾಡಿ ತುಳಿದರೆ ಹಿಂದಿನ ಡಿರೇಲರ್ (ಗೇರ್ ಬದಲಿಸುವ ಭಾಗ) ಮುರಿಯುತ್ತದೆ. ಮಳೆ ಬಿದ್ದ ಮೇಲೆ ಮಸಾರಿ (ಕೆಂಪು) ಮಣ್ಣಿನ ಕಡೆ ಹೋಗಿ, ಅದು ಬೇಗ ಆರುತ್ತದೆ.

ಕೆಂಪುಗಲ್ಲು:
ಸಿಕ್ಕಿತು ಸರ್! ಬಟ್ಟೆಗೆ ಸಿಗಲಿಲ್ಲ. ಟೈರ್ ಮಡಚಿದಾಗ ಕಂಡಿತು. ಎರಡು ಚುಕ್ಕೆ, ಪಕ್ಕಪಕ್ಕ. ಹೊರಗಿನಿಂದ ಟೈರಿನ ಗುಬುಟಿನ ಸಂದಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಹೋಳಿನ ಬುಡ ಸವೆದು ಹೋಗಿ ಮುಳ್ಳು ಮಾತ್ರ ಉಳಿದಿತ್ತು, ತಳ್ಳಿದಾಗ ತಿಳಿ ಕಂದು ಬಣ್ಣದ ತುದಿ ಹೊರಬಂತು. ಮುಂದಿನ ಟೈರಿನಲ್ಲೂ ಅರ್ಧ ಹೊಕ್ಕ ಮುಳ್ಳುಗಳಿದ್ದವು, ತೆಗೆದೆ. ಹಿಂದೆ 34, ಮುಂದೆ 29 ಗಾಳಿ ಹಾಕಿ ಪಟ್ಟದಕಲ್ಲಿಗೆ ಹೋಗಿ ಬಂದೆ. ಮರುದಿನವೂ ಗಾಳಿ ಹಾಗೇ ಇದೆ, ಬಂಡೆ ಮೇಲೆ ಹಿಡಿತವೂ ವಾಪಸ್ ಬಂತು. ತುಂಬಾ ಉಪಕಾರ ಆಯ್ತು. ಒಂದು ಕೊನೇ ಪ್ರಶ್ನೆ: ಮುಳ್ಳು ತೆಗೆದ ತೂತು ಟೈರಿನಲ್ಲಿ ಹಾಗೇ ಇದೆ. ಅದಕ್ಕೆ ಏನಾದರೂ ಮಾಡಬೇಕಾ?

ಮಡ್ಡಿಸವಾರ:
ಬಹಳ ಸಂತೋಷ ಆಯ್ತು. ಸೂಜಿ ತೂತಿಗೆ ಏನೂ ಬೇಡ. ಟೈರಿನ ಮಗ್ಗುಲು ಸೀಳಿದ್ದರೆ ಅಥವಾ ಒಳಗಿನ ನೂಲು ಕಾಣುತ್ತಿದ್ದರೆ ಮಾತ್ರ ಒಳಗಡೆಯಿಂದ ದಪ್ಪ ಪ್ಯಾಚ್ ಹಾಕಿಸಿ. ಬ್ಯಾಗಿನಲ್ಲಿ ಒಂದು ಟ್ಯೂಬ್, ಪ್ಯಾಚ್, ಅದನ್ನು ಅಂಟಿಸುವ ಸೊಲ್ಯೂಷನ್ ಜೊತೆಗೆ ಸಣ್ಣ ಇಕ್ಕಳವನ್ನೂ ಇಟ್ಟುಕೊಳ್ಳಿ. ಸೊಲ್ಯೂಷನ್ ಟ್ಯೂಬನ್ನು ಒಮ್ಮೆ ಒಡೆದ ಮೇಲೆ ನಮ್ಮ ಬಿಸಿಲಿಗೆ ಬೇಗ ಒಣಗುತ್ತದೆ, ಹೊರಡುವ ಮುಂಚೆ ಒತ್ತಿ ನೋಡಿ.