700 ಕಂಪ್ಯೂಟರ್‌ಗಳ ಡಿಎನ್‌ಎಸ್ ಬದಲಿಸಬೇಕು, ಒಂದೊಂದರ ಮುಂದೂ ಹೋಗಿ ಕೂರಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಗಾರ್ಮೆಂಟ್ಸ್ ಕಂಪನಿಯಲ್ಲಿ ಸಿಸ್ಟಮ್ ಅಡ್ಮಿನ್ ಆಗಿದ್ದೇನೆ. ಮೂರು ಯೂನಿಟ್, 700 ವಿಂಡೋಸ್ ಕಂಪ್ಯೂಟರ್, ಎಲ್ಲವೂ ಒಂದೇ ಡೊಮೇನ್ (ಒಂದೇ ಕಡೆಯಿಂದ ನಿಯಂತ್ರಿಸುವ ಗುಂಪು). ಹಳೇ ಡಿಎನ್‌ಎಸ್ ಸರ್ವರ್‌ಗಳನ್ನು (ಹೆಸರು ಕೇಳಿದರೆ ಐಪಿ ವಿಳಾಸ ಹೇಳುವವು) ತೆಗೆದು ಬೇರೆ ಐಪಿಯ ಹೊಸದನ್ನು ಹಾಕುತ್ತಿದ್ದೇವೆ. ಎಲ್ಲ ಮಷೀನ್‌ಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಕಳಿಸುವ ಗ್ರೂಪ್ ಪಾಲಿಸಿಯಲ್ಲಿ 'ಡಿಎನ್‌ಎಸ್ ಸರ್ವರ್ಸ್' ಅಂತ ಒಂದು ಸೆಟ್ಟಿಂಗ್ ಸಿಕ್ಕಿತು, ಹಾಕಿದೆ. ಒಂದು ಮಷೀನೂ ಕ್ಯಾರೇ ಅನ್ನಲಿಲ್ಲ. ನಾವಿರುವುದು ಇಬ್ಬರೇ. ಏನು ಮಾಡಲಿ?

ಉತ್ತರ: ಆ ಸೆಟ್ಟಿಂಗ್ ವಿಂಡೋಸ್ ಎಕ್ಸ್‌ಪಿಗೆ ಮಾತ್ರ. ಅದರ ವಿವರಣೆಯಲ್ಲೇ ಬರೆದಿದೆ, ಆದರೆ ಅದನ್ನೆಲ್ಲ ಯಾರು ಓದುತ್ತಾರೆ ಹೇಳಿ.

ನಿಮ್ಮಲ್ಲಿ ಐಪಿ ಕೊಡುವುದು ಡಿಎಚ್‌ಸಿಪಿ (ಮಷೀನ್‌ಗಳಿಗೆ ತಾನಾಗಿ ಐಪಿ ಹಂಚುವ ವ್ಯವಸ್ಥೆ) ತಾನೇ? ಹಾಗಾದರೆ ಕಂಪ್ಯೂಟರ್‌ಗಳನ್ನು ಮುಟ್ಟಲೇ ಬೇಡಿ. ಡಿಎಚ್‌ಸಿಪಿ ಸರ್ವರ್‌ನಲ್ಲಿ 006ನೇ ಆಪ್ಷನ್ (ಡಿಎನ್‌ಎಸ್ ಸರ್ವರ್‌ಗಳ ಪಟ್ಟಿ) ಬದಲಿಸಿ, ಸುಮ್ನಿರಿ. ವಿಂಡೋಸ್‌ನಲ್ಲಿ ಮಾಮೂಲಿ ಲೀಸ್, ಅಂದರೆ ಐಪಿ ಕೊಡುವ ಅವಧಿ, 8 ದಿನ. ಅರ್ಧ ಕಳೆದಾಗ ಮಷೀನ್ ತಾನೇ ಬಂದು ರಿನ್ಯೂ ಮಾಡಿಕೊಳ್ಳುತ್ತದೆ, ಹೊಸ ಡಿಎನ್‌ಎಸ್ ಜೊತೆಗೇ ಹೋಗುತ್ತದೆ. ಬೇಗ ಆಗಬೇಕು ಅಂದರೆ ವಾರ ಮೊದಲೇ ಲೀಸ್ ಕಡಿಮೆ ಮಾಡಿಡಿ.

ಪ್ರಶ್ನೆ: ಡಿಎಚ್‌ಸಿಪಿ ಇದೆ ಸರ್. ಆದರೆ ಯಾವಾಗಲೋ ಯಾರೋ ಕೈಯಲ್ಲಿ ಡಿಎನ್‌ಎಸ್ ಟೈಪ್ ಮಾಡಿ ಹೋದ ಮಷೀನ್‌ಗಳೂ ಇವೆ.

ಉತ್ತರ: ಎಲ್ಲ ಕಡೆಯೂ ಇರುತ್ತವೆ. ಐಪಿಕಾನ್ಫಿಗ್ ನೋಡಿದರೆ ಡಿಎಚ್‌ಸಿಪಿ 'ಯೆಸ್' ಅಂತಲೇ ಇರುತ್ತದೆ, ಕೆಳಗೆ ಡಿಎನ್‌ಎಸ್ ಮಾತ್ರ ಹಳೇದು. ಇವಕ್ಕೆ ಪವರ್‌ಶೆಲ್ (ಕಮಾಂಡ್ ಬರೆದು ಓಡಿಸುವ ವಿಂಡೋಸ್ ಸಾಧನ) ಬೇಕು. ಮೊದಲ ಸುತ್ತಿನಲ್ಲಿ ಏನೂ ಬದಲಿಸಬೇಡಿ. ದೂರದ ಮಷೀನ್‌ನಲ್ಲಿ ಕಮಾಂಡ್ ಓಡಿಸುವ ಇನ್ವೋಕ್-ಕಮಾಂಡ್‌ನಿಂದ ಪ್ರತಿ ಮಷೀನಿನ ಡಿಎನ್‌ಎಸ್ ಓದಿ, ಒಂದು ಎಕ್ಸೆಲ್‌ಗೆ ಹಾಕಿಕೊಳ್ಳಿ. ಇದಕ್ಕೆ ಆ ಮಷೀನ್‌ಗಳಲ್ಲಿ ವಿನ್‌ಆರ್‌ಎಂ (ದೂರದಿಂದ ಬರುವ ಕಮಾಂಡ್ ಸ್ವೀಕರಿಸುವ ಸೇವೆ) ಆನ್ ಇರಬೇಕು. ಗ್ರೂಪ್ ಪಾಲಿಸಿಯಲ್ಲೇ ಆನ್ ಮಾಡಬಹುದು, ಪೋರ್ಟ್ 5985.

ಆಮೇಲೆ ಪಟ್ಟಿಯನ್ನು ಎರಡು ಪಾಲು ಮಾಡಿ. ಐಪಿ ಡಿಎಚ್‌ಸಿಪಿಯದು, ಡಿಎನ್‌ಎಸ್ ಮಾತ್ರ ಕೈಯದು ಅಂದರೆ ಸೆಟ್-ಡಿಎನ್‌ಎಸ್‌ಕ್ಲೈಂಟ್‌ಸರ್ವರ್‌ಅಡ್ರೆಸ್ ಕಮಾಂಡನ್ನು ರೀಸೆಟ್ ಸ್ವಿಚ್ ಜೊತೆ ಓಡಿಸಿ. ಇನ್ನು ಮುಂದೆ ಅದೂ ಡಿಎಚ್‌ಸಿಪಿ ಹೇಳಿದಂತೆ ಕೇಳುತ್ತದೆ. ಐಪಿಯೂ ಸ್ಟ್ಯಾಟಿಕ್ (ಕೈಯಲ್ಲೇ ಹಾಕಿದ್ದು) ಇರುವ ಮಷೀನ್‌ಗೆ ಮಾತ್ರ ರೀಸೆಟ್ ಮಾಡಬೇಡಿ! ಡಿಎನ್‌ಎಸ್ ಜಾಗ ಪೂರ್ತಿ ಖಾಲಿಯಾಗುತ್ತದೆ. ಅಲ್ಲಿ ಹೊಸ ಐಪಿಯನ್ನೇ ಬರೆಯಬೇಕು. ಡೊಮೇನ್ ಕಂಟ್ರೋಲರ್‌ಗಳನ್ನು (ಎಲ್ಲರ ಲಾಗಿನ್ ಪರಿಶೀಲಿಸುವ ಸರ್ವರ್‌ಗಳು) ಈ ಸ್ಕ್ರಿಪ್ಟ್‌ನಿಂದ ಹೊರಗಿಡಿ, ಅವನ್ನು ಕೈಯಲ್ಲೇ ಮಾಡಿ.

ಇನ್ನೊಂದು. ಇಂಟರ್ನೆಟ್ ನಿಲ್ಲಬಾರದು ಅಂತ ನಾನೊಮ್ಮೆ ಎರಡನೇ ಡಿಎನ್‌ಎಸ್ ಜಾಗದಲ್ಲಿ ಗೂಗಲ್‌ನ 8.8.8.8 ಹಾಕಿದ್ದೆ. ಮರುದಿನ ಬೆಳಿಗ್ಗೆ ಅಕೌಂಟ್ಸ್‌ನವರು ಲಾಗಿನ್ ಆಗದೆ ಕಾಫಿಗೆ ಹೋಗಿಬಿಟ್ಟಿದ್ದರು. ನಮ್ಮ ಡೊಮೇನ್ ಕಂಟ್ರೋಲರ್ ಎಲ್ಲಿದೆ ಅಂತ ಹೊರಗಿನ ಸರ್ವರ್‌ಗೆ ಏನು ಗೊತ್ತು, ಅಲ್ವಾ? ಎರಡೂ ಒಳಗಿನದೇ ಇರಲಿ.

ಪ್ರಶ್ನೆ: ಮಷೀನ್ ಹಚ್ಚಿದಾಗ ತಾನೇ ಓಡುವ ಸ್ಟಾರ್ಟಪ್ ಸ್ಕ್ರಿಪ್ಟ್ ಸಾಲದೇ ಸರ್?

ಉತ್ತರ: ಆಗುತ್ತದೆ, ಆದರೆ ಫಾಸ್ಟ್ ಸ್ಟಾರ್ಟಪ್ (ಪೂರ್ತಿ ಆಫ್ ಆಗದೆ ಬೇಗ ಶುರುವಾಗುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಶಟ್‌ಡೌನ್ ಮಾಡಿ ಮತ್ತೆ ಹಚ್ಚಿದಾಗ ಅದು ಓಡದೇ ಇರಬಹುದು. ರೀಸ್ಟಾರ್ಟ್ ಮಾಡಿಸಬೇಕು. ವಿನ್‌ಆರ್‌ಎಂಗೆ ಸಿಗದೆ ಉಳಿದವಕ್ಕೆ ಮಾತ್ರ ಇಟ್ಟುಕೊಳ್ಳಿ.

ಪ್ರಶ್ನೆ: ಹಳೇ ಸರ್ವರ್ ಯಾವಾಗ ಆಫ್ ಮಾಡಲಿ?

ಉತ್ತರ: ಅದರಲ್ಲಿ ಡಿಎನ್‌ಎಸ್ ಡೀಬಗ್ ಲಾಗ್ ಆನ್ ಮಾಡಿ ಒಂದು ವಾರ ಬಿಡಿ. ಇನ್ನೂ ಯಾವ ಐಪಿ ಬಂದು ಕೇಳುತ್ತಿದೆ ಅಂತ ಕಾಣುತ್ತದೆ. ಪ್ರಿಂಟರ್, ಹಾಜರಿ ಮಷೀನ್, ಕ್ಯಾಮೆರಾ ರೆಕಾರ್ಡರ್ ಎಲ್ಲ ಅಲ್ಲೇ ಸಿಕ್ಕಿಬೀಳುತ್ತವೆ.